ಬೀಚಿನ ಮೇಲೆ ಜೀಪು ಓಡಿಸಿದರೆ ಏನು ಹಾನಿ? ಹುಬ್ಬಳ್ಳಿಯ ಓದುಗರಿಗೆ ಉತ್ತರ

ಪ್ರಶ್ನೆ: ನಾವು ಹುಬ್ಬಳ್ಳಿಯ ಗೆಳೆಯರ ಗುಂಪು. ಎಲ್ಲರ ಹತ್ತಿರವೂ ಫೋರ್ ವೀಲ್ ಡ್ರೈವ್ ಗಾಡಿ ಇದೆ. ಚಳಿಗಾಲದಲ್ಲಿ ಶನಿವಾರ ಹೊರಟು, ಅರಬೈಲು ಘಟ್ಟ ಇಳಿದು ಅಂಕೋಲಾ, ಕುಮಟಾ ಕಡೆ ಹೋಗುತ್ತೇವೆ. ಬೀಚಿನಲ್ಲಿ, ಅದರ ಹಿಂದಿನ ಉಸುಕಿನ ದಿಬ್ಬಗಳ ಮೇಲೆ ಗಾಡಿ ಓಡಿಸುತ್ತೇವೆ. ಈ ಸಲ ಒಂದು ಊರಿನವರು ಅಡ್ಡ ಹಾಕಿ ವಾಪಸ್ ಕಳಿಸಿದರು. ಒಂದು ಅಲೆ ಬಂದರೆ ಟೈರಿನ ಗುರುತೇ ಇರುವುದಿಲ್ಲ, ಇದರಲ್ಲಿ ಹಾನಿ ಏನು? ಆಸ್ಟ್ರೇಲಿಯಾ, ಅಮೆರಿಕದಲ್ಲಿ ಪರ್ಮಿಟ್ ಕೊಟ್ಟು ಬಿಡುತ್ತಾರೆ, ನಮ್ಮಲ್ಲಿ ಮಾತ್ರ ಯಾಕೆ ಬೇಡ? ಟೈರಿನ ಗಾಳಿ ಇಳಿಸಿ ನಿಧಾನ ಹೋದರೂ ತಪ್ಪಾ? ಸಮುದ್ರ ಬೇಡ ಅಂದರೆ ಕಪ್ಪತಗುಡ್ಡ, ತುಂಗಭದ್ರೆಯ ಉಸುಕು ನಡೆಯುತ್ತದಾ?

ಉತ್ತರ: ನಿಮ್ಮ ಮೊದಲ ಪ್ರಶ್ನೆಯನ್ನೇ ಮೊದಲು ಹಿಡಿಯುತ್ತೇನೆ. ಉಳಿದ ಉತ್ತರಗಳೆಲ್ಲ ಅದರ ಮೇಲೆ ನಿಂತಿವೆ. ಅಲೆ ಬಂದರೆ ಟೈರಿನ ಗುರುತು ಅಳಿಸಿ ಹೋಗುತ್ತದೆ ಅಂತ ಬರೆದಿದ್ದೀರಿ. ನಿಜ. ಆದರೆ ಅಲೆ ಎಲ್ಲಿಯವರೆಗೆ ಬರುತ್ತದೆ?

ಮುಂದಿನ ಸಲ ಹೋದಾಗ ಗಾಡಿಯನ್ನು ರಸ್ತೆಯಲ್ಲೇ ಬಿಟ್ಟು, ನೀರಿನ ಅಂಚಿನಿಂದ ಊರಿನ ಕಡೆಗೆ ಸುಮ್ನೆ ನಡೆದು ಬನ್ನಿ. ಮೊದಲು ಗಟ್ಟಿಯಾದ ಹಸಿ ಉಸುಕು ಸಿಗುತ್ತದೆ. ದಿನಕ್ಕೆ ಎರಡು ಸಲ ಉಬ್ಬರದ ನೀರು ಅದನ್ನು ತೊಳೆದು ಹೋಗುತ್ತದೆ. ಆಮೇಲೆ ಒಂದು ಕಸದ ಗೆರೆ ಕಾಣುತ್ತದೆ: ಒಣಗಿದ ಪಾಚಿ, ಚಿಪ್ಪು, ತೆಂಗಿನ ಚೂರು, ಹರಿದ ಬಲೆಯ ತುಂಡು. ಹಿಂದಿನ ಉಬ್ಬರ ಬಂದು ನಿಂತದ್ದು ಅಲ್ಲಿಗೆ. ಅದನ್ನು ದಾಟಿದರೆ ಕಾಲು ಹೂತು ಹೋಗುವ ಒಣ ಉಸುಕು. ಅದರ ಮೇಲೆ ನೇರಳೆ ಹೂವಿನ ಅಡುಂಬು ಬಳ್ಳಿ ಹರಡಿರುತ್ತದೆ. ರಾವಣನ ಮೀಸೆ ಅನ್ನುವ ಚೂಪು ಹುಲ್ಲು ಅಲ್ಲಲ್ಲಿ ಕಾಣುತ್ತದೆ. ಇನ್ನೂ ಹಿಂದೆ ಕೇದಗೆ ಪೊದೆ. ಬಳ್ಳಿ ಶುರುವಾಗುವ ಜಾಗದಲ್ಲೇ ದಿಬ್ಬವೂ ಶುರುವಾಗುತ್ತದೆ. ಸಮುದ್ರದ ನೀರು ಅಲ್ಲಿಗೆ ಮುಟ್ಟುವುದು ಮಳೆಗಾಲದ ದೊಡ್ಡ ಅಲೆಗಳಲ್ಲಿ, ಚಂಡಮಾರುತದಲ್ಲಿ ಮಾತ್ರ. ಡಿಸೆಂಬರಿನಲ್ಲಿ ನೀವು ದಿಬ್ಬದ ಮೇಲೆ ಬಿಟ್ಟ ಗುರುತನ್ನು ಯಾವ ಅಲೆಯೂ ಬಂದು ಅಳಿಸುವುದಿಲ್ಲ.

ನೀವು ಹಸಿ ಉಸುಕಿನ ಮೇಲೆ ಮಾತ್ರ ಓಡಿಸುತ್ತೇವೆ ಅಂತ ಹೇಳಬಹುದು. ಆದರೆ ರಸ್ತೆಯಿಂದ ಆ ಹಸಿ ಉಸುಕಿಗೆ ಇಳಿಯಲು ದಿಬ್ಬವನ್ನು ದಾಟಲೇಬೇಕು. ಸಂಜೆ ಉಬ್ಬರ ಏರಿದಾಗ ಗಾಡಿ ಮೇಲಕ್ಕೆ ಬರಲೇಬೇಕು. ಆಗ ಹೋಗುವುದು ದಿಬ್ಬದ ಬುಡಕ್ಕೆ, ಅದೇ ಬಳ್ಳಿಯ ಮೇಲೆ.

ಈ ದಿಬ್ಬ ಹೇಗೆ ಆಗುತ್ತದೆ ಅಂತ ಸ್ವಲ್ಪ ಹೇಳಬೇಕು. ಅದು ಗೊತ್ತಾದರೆ ಊರಿನವರ ಸಿಟ್ಟು ಅರ್ಥವಾಗುತ್ತದೆ. ಒಣಗಿದ ಉಸುಕನ್ನು ಗಾಳಿ ಒಳಗೆ ತಳ್ಳುತ್ತದೆ. ಕಸದ ಗೆರೆಯ ಹತ್ತಿರ ಮೊಳೆತ ಒಂದು ಸಣ್ಣ ಗಿಡ ಆ ಗಾಳಿಗೆ ಅಡ್ಡ ಬರುತ್ತದೆ. ಗಾಳಿಯ ವೇಗ ಅಲ್ಲಿ ಕಡಿಮೆಯಾಗಿ ಉಸುಕು ಗಿಡದ ಸುತ್ತ ಕೂರುತ್ತದೆ. ಬೇರೆ ಗಿಡವಾದರೆ ಹೂತು ಸಾಯುತ್ತದೆ. ಅಡುಂಬು ಬಳ್ಳಿ, ರಾವಣನ ಮೀಸೆ ಸಾಯುವುದಿಲ್ಲ. ಹೂತಷ್ಟೂ ಮೇಲೆ ಬರುತ್ತವೆ. ಹೂತ ಗೆಣ್ಣಿನಿಂದಲೇ ಹೊಸ ಬೇರು ಬಿಡುತ್ತವೆ. ಉಪ್ಪು ಗಾಳಿ, ಸುಡುವ ಉಸುಕು, ಗೊಬ್ಬರವೇ ಇಲ್ಲದ ನೆಲ, ಎಲ್ಲವನ್ನೂ ತಡೆದುಕೊಳ್ಳುತ್ತವೆ. ಹೀಗೆ ಗಿಡ ಏರಿದಂತೆ ಉಸುಕು, ಉಸುಕು ಏರಿದಂತೆ ಗಿಡ. ಆಳೆತ್ತರದ ಒಂದು ದಿಬ್ಬ ನಿಲ್ಲಲು ವರ್ಷಗಟ್ಟಲೆ ಬೇಕು.

ಇಷ್ಟೆಲ್ಲ ತಡೆದುಕೊಳ್ಳುವ ಬಳ್ಳಿಗೆ ತಡೆದುಕೊಳ್ಳಲು ಆಗದೆ ಇರುವುದು ಒಂದೇ: ತುಳಿತ. ಅದರ ಕಾಂಡ ನೆಲದ ಮೇಲೆ ಉದ್ದಕ್ಕೆ ಹರಿದಿರುತ್ತದೆ. ಒಣ ಉಸುಕಿನಲ್ಲಿ ಟೈರು ಬರೀ ಒತ್ತುವುದಿಲ್ಲ, ಸುತ್ತುತ್ತಾ ಕೊರೆಯುತ್ತದೆ. ಕಾಂಡ ಕತ್ತರಿಸಿ ಹೋಗುತ್ತದೆ, ಬೇರು ಮೇಲೆ ಬರುತ್ತದೆ. ಏರು ಹತ್ತುವಾಗ, ತಿರುಗಿಸುವಾಗ ಇದು ಇನ್ನೂ ಜಾಸ್ತಿ. ಬೇರೆ ಬೇರೆ ದೇಶಗಳ ದಿಬ್ಬಗಳಲ್ಲಿ ನಡೆದ ಅಧ್ಯಯನಗಳು ಒಂದು ವಿಷಯದಲ್ಲಿ ಒಪ್ಪುತ್ತವೆ. ಗಿಡಗಳಿಗೆ ಆಗುವ ಹಾನಿಯ ದೊಡ್ಡ ಪಾಲು ಮೊದಲು ಹೋದ ಕೆಲವೇ ಗಾಡಿಗಳಿಂದ ಆಗುತ್ತದೆ. ನೂರನೇ ಗಾಡಿ ಬರುವ ಹೊತ್ತಿಗೆ ಹಾಳಾಗಲು ಹೆಚ್ಚು ಉಳಿದಿರುವುದೇ ಇಲ್ಲ. ಹಾಗಾಗಿ 'ನಾವು ನಾಲ್ಕೇ ಗಾಡಿ, ವರ್ಷಕ್ಕೆ ಎರಡೇ ಸಲ' ಅನ್ನುವ ಮಾತು ಇಲ್ಲಿ ಸಮಾಧಾನ ಕೊಡುವುದಿಲ್ಲ. 'ಯಾರೂ ಹೋಗದ ಹೊಸ ಜಾಗ ಹುಡುಕೋಣ' ಅನ್ನುವುದಂತೂ ಎಲ್ಲಕ್ಕಿಂತ ಕೆಟ್ಟ ಯೋಚನೆ.

ಬಳ್ಳಿ ಹೋದ ಮೇಲೆ ಕೆಲಸ ಗಾಳಿಯದು. ನಮ್ಮ ಹೊಲದ ಬದು ನೆನಪಿಸಿಕೊಳ್ಳಿ. ಒಂದು ಕಡೆ ಮೊಳದಷ್ಟು ಒಡೆದರೆ ಮಳೆ ನೀರೆಲ್ಲ ಅಲ್ಲೇ ನುಗ್ಗಿ, ಆ ಬಾಯಿ ಅಗಲವಾಗುತ್ತಾ ಹೋಗುತ್ತದೆ. ಹೊಲದ ಮಣ್ಣು ಕೊಚ್ಚಿ ಹೋಗುವುದು ಆ ಬಾಯಿಯಿಂದಲೇ. ದಿಬ್ಬದಲ್ಲಿಯೂ ಹಾಗೆ. ಗಾಡಿ ಹತ್ತಿ ಇಳಿದ ಸಂದಿನಲ್ಲಿ ಗಾಳಿ ಜೋರಾಗಿ ನುಗ್ಗುತ್ತದೆ, ಉಸುಕನ್ನು ಹಿಂದಿನ ತೋಟಕ್ಕೆ, ಮನೆಯಂಗಳಕ್ಕೆ ಹೊತ್ತು ಹಾಕುತ್ತದೆ. ಮುಂದಿನ ಮಳೆಗಾಲದಲ್ಲಿ ಸಮುದ್ರದ ನೀರು ಒಳಗೆ ಬರುವುದೂ ಆ ಸಂದಿನಿಂದಲೇ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲೆಗಳು ತೀರದ ಉಸುಕನ್ನು ಕಿತ್ತು ಸಮುದ್ರದೊಳಗೆ ಒಯ್ಯುತ್ತವೆ. ಮಳೆ ಮುಗಿದ ಮೇಲೆ ಸಣ್ಣ ಅಲೆಗಳು ಅದನ್ನು ವಾಪಸ್ ತರುತ್ತವೆ. ನೀವು ಡಿಸೆಂಬರಿನಲ್ಲಿ ನೋಡುವ ಅಗಲವಾದ ಬೀಚು ಜುಲೈನಲ್ಲಿ ಅರ್ಧವೂ ಇರುವುದಿಲ್ಲ. ಆಗ ಅಲೆಗೆ ಬೇಕಾದ ಉಸುಕನ್ನು ಕೊಟ್ಟು ಊರನ್ನು ಕಾಯುವುದು ದಿಬ್ಬ. 2004ರ ಸುನಾಮಿಯಲ್ಲೂ ತಮಿಳುನಾಡಿನ ಕರಾವಳಿಯಲ್ಲಿ ಎತ್ತರದ ದಿಬ್ಬ ಉಳಿದಿದ್ದ ಕಡೆ ಹಿಂದಿನ ಊರುಗಳಿಗೆ ಪೆಟ್ಟು ಕಡಿಮೆ ಬಿತ್ತು. ಇನ್ನೊಂದು ವಿಷಯ ನಮ್ಮ ಕಡೆಯವರಿಗೆ ಗೊತ್ತಿರುವುದು ಕಡಿಮೆ. ದಿಬ್ಬದಲ್ಲಿ ಇಂಗಿದ ಮಳೆ ನೀರು ಕೆಳಗಿನ ಉಪ್ಪು ನೀರಿನ ಮೇಲೆ ತೇಲಿಕೊಂಡು ನಿಲ್ಲುತ್ತದೆ. ಸಿಹಿ ನೀರು ಹಗುರ, ಅದಕ್ಕೇ. ಸಮುದ್ರಕ್ಕೆ ಅಷ್ಟು ಹತ್ತಿರದ ಬಾವಿಯಲ್ಲಿ ಕುಡಿಯುವ ನೀರು ಸಿಗುವುದು ಇದರಿಂದ. ದಿಬ್ಬ ಕುಸಿದರೆ ಬಾವಿಯ ನೀರೂ ಉಪ್ಪಾಗುತ್ತದೆ. ಹುಬ್ಬಳ್ಳಿಯಲ್ಲಿ ಬೆಳೆದ ನಿಮಗೆ ನೀರಿನ ಬೆಲೆ ನಾನು ಹೇಳಬೇಕಾಗಿಲ್ಲ.

ಇನ್ನು ಅಲ್ಲಿ ಬದುಕುವ ಪ್ರಾಣಿಗಳು. ಒಂದನ್ನಾದರೂ ಬಿಡಿಸಿ ಹೇಳುತ್ತೇನೆ. ಆಲಿವ್ ರಿಡ್ಲಿ ಕಡಲಾಮೆ ನಮ್ಮ ಉತ್ತರ ಕನ್ನಡದ ತೀರಕ್ಕೆ ಮೊಟ್ಟೆ ಇಡಲು ಬರುತ್ತದೆ. ಹೊನ್ನಾವರದ ಕಾಸರಕೋಡು ಟೊಂಕದ ಕಡೆ ಇದನ್ನು ಎಷ್ಟೋ ಸಲ ದಾಖಲಿಸಿದ್ದಾರೆ. ಹೆಣ್ಣಾಮೆ ರಾತ್ರಿ ಬರುತ್ತದೆ. ಉಬ್ಬರದ ಗೆರೆ ದಾಟಿ, ನೀರು ಮುಟ್ಟದ ಒಣ ಉಸುಕಿನಲ್ಲಿ ಸುಮಾರು ಒಂದೂವರೆ ಅಡಿ ಗುಂಡಿ ತೋಡಿ, ನೂರರ ಆಸುಪಾಸು ಮೊಟ್ಟೆ ಇಟ್ಟು, ಮುಚ್ಚಿ, ಸಮುದ್ರಕ್ಕೆ ಮರಳುತ್ತದೆ. ಮರಿ ಬರಲು 45ರಿಂದ 60 ದಿನ ಬೇಕು. ಇದೆಲ್ಲ ನಡೆಯುವುದು ಹೆಚ್ಚಾಗಿ ನವೆಂಬರ್‌ನಿಂದ ಮಾರ್ಚ್‌ವರೆಗೆ. ನಿಮ್ಮ ಪ್ರವಾಸದ ಕಾಲವೂ ಅದೇ ಅಲ್ವಾ?

ಮೇಲಿನಿಂದ ನೋಡಿದರೆ ಗೂಡು ಗೊತ್ತೇ ಆಗುವುದಿಲ್ಲ. ಗಾಡಿ ಅದರ ಮೇಲೆ ಹೋದರೆ ಉಸುಕು ಬಿಗಿದುಕೊಳ್ಳುತ್ತದೆ, ಮೊಟ್ಟೆ ಒಡೆಯಬಹುದು, ಉಳಿದ ಮರಿಗೆ ಮೇಲೆ ಬರುವುದು ಕಷ್ಟ. ಮೇಲೆ ಬಂದ ಮರಿಯ ಕಷ್ಟ ಬೇರೆ. ಅದು ರಾತ್ರಿ ಹೊರಬಂದು, ಬೆಳಕು ಕಾಣುವ ದಿಕ್ಕಿಗೆ ಓಡುತ್ತದೆ. ಕತ್ತಲ ತೀರದಲ್ಲಿ ಬೆಳ್ಳಗೆ ಕಾಣುವುದು ಸಮುದ್ರದ ಕಡೆಯ ಆಕಾಶ. ಅಲ್ಲಿ ಹೆಡ್‌ಲೈಟ್ ಉರಿದರೆ ದಾರಿ ತಪ್ಪಿತು. ಒಣ ಉಸುಕಿನ ಟೈರಿನ ಸಾಲು ನಿಮ್ಮ ಕಣ್ಣಿಗೆ ಏನೂ ಅಲ್ಲ. ಬೆರಳುದ್ದದ ಮರಿಗೆ ಅದು ಹತ್ತಲಾಗದ ಗೋಡೆ. ಸಾಲಿಗೆ ಬಿದ್ದ ಮರಿ ಸಮುದ್ರದ ಕಡೆ ಹೋಗದೆ ಸಾಲಿನ ಉದ್ದಕ್ಕೂ ಓಡುತ್ತದೆ. ಅಮೆರಿಕದ ತೀರಗಳಲ್ಲಿ 1980ರ ಸುಮಾರಿನಿಂದಲೇ ಇದನ್ನು ಗಮನಿಸಿ ಬರೆದಿದ್ದಾರೆ. ಸಾಲಿನಲ್ಲಿ ಸುಸ್ತಾದ ಮರಿ ಏಡಿಗೆ, ನಾಯಿಗೆ, ಬೆಳಗಾದರೆ ಕಾಗೆ ಹದ್ದಿಗೆ ಸಿಗುತ್ತದೆ. ಗಾಡಿ ಆ ಮರಿಯನ್ನು ಮುಟ್ಟಿಯೇ ಇಲ್ಲ. ಹಿಂದಿನ ಸಂಜೆ ಹೋದ ಗಾಡಿ ಅದು.

ಏಡಿಗಳ ಕಥೆಯೂ ಹೀಗೇ. ಬೀಚಿನಲ್ಲಿ ಬಿಲ ತೋಡುವ ಬಿಳಿ ಏಡಿ ಹಗಲು ಆಳದಲ್ಲಿ ಇದ್ದರೆ ಹೇಗೋ ಉಳಿಯುತ್ತದೆ. ರಾತ್ರಿ ಮೇವಿಗೆ ಮೇಲೆ ಬಂದಾಗ ಟೈರಿಗೆ ಸಿಕ್ಕಿ ಸಾಯುತ್ತದೆ. ಚಳಿಗಾಲದಲ್ಲಿ ಉತ್ತರದಿಂದ ವಲಸೆ ಬರುವ ಸಣ್ಣ ಉಸುಕು ಹಕ್ಕಿಗಳು ನೀರಂಚಿನಲ್ಲಿ ಮೇಯುತ್ತಿರುತ್ತವೆ. ಪ್ರತಿ ಸಲ ಗಾಡಿ ಬಂದಾಗ ಹಾರಿ, ಮತ್ತೆ ಕೂತು, ಮತ್ತೆ ಹಾರಿ, ವಾಪಸ್ ಪ್ರಯಾಣಕ್ಕೆ ಕೂಡಿಡಬೇಕಾದ ಕೊಬ್ಬನ್ನು ಅಲ್ಲೇ ಸುಡುತ್ತವೆ.

ಕಾನೂನಿನ ಮಾತಿಗೆ ಬರೋಣ. 2019ರ ಜನವರಿಯಲ್ಲಿ ಬಂದ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ, ಅಂದರೆ ಎಲ್ಲರೂ ಸಿಆರ್‌ಝಡ್ ಅನ್ನುವುದು, ಉಸುಕಿನ ದಿಬ್ಬಗಳನ್ನೂ ಆಮೆ ಮೊಟ್ಟೆ ಇಡುವ ಜಾಗಗಳನ್ನೂ ತೀರಾ ಸೂಕ್ಷ್ಮವಾದ 1ಎ ವರ್ಗದಲ್ಲಿ ಇಟ್ಟಿದೆ. ಜೀವಂತ ದಿಬ್ಬವನ್ನು ಸವರುವುದು, ಅದರ ರೂಪ ಬದಲಿಸುವುದು ಅದರಲ್ಲಿ ನಿಷಿದ್ಧ. ಇದರ ಹಿಂದಿನ ಬಲ 1986ರ ಪರಿಸರ ಸಂರಕ್ಷಣಾ ಕಾಯ್ದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಆಲಿವ್ ರಿಡ್ಲಿ ಮೊದಲ ಪರಿಚ್ಛೇದದಲ್ಲಿದೆ. ಹುಲಿಗೆ ಇರುವ ರಕ್ಷಣೆಯೇ ಅದಕ್ಕೂ ಇದೆ. ಆ ಕಾಯ್ದೆಯಲ್ಲಿ ಬೇಟೆ ಅಂದರೆ ಕೊಲ್ಲುವುದಷ್ಟೇ ಅಂತ ತಿಳಿಯಬೇಡಿ. ಹಕ್ಕಿ ಮತ್ತು ಸರೀಸೃಪಗಳ ಮೊಟ್ಟೆಗೆ ಹಾನಿ ಮಾಡುವುದು, ಗೂಡು ಕೆಡಿಸುವುದೂ ಬೇಟೆಯ ವ್ಯಾಖ್ಯೆಯ ಒಳಗೇ ಬರುತ್ತದೆ. ಮೊದಲ ಪರಿಚ್ಛೇದದ ಪ್ರಾಣಿಯ ವಿಷಯದಲ್ಲಿ ಶಿಕ್ಷೆ ಕನಿಷ್ಠ 3 ವರ್ಷ ಜೈಲು. ಬೀಚು ಖಾಲಿ ಜಾಗ, ಟ್ರಾಫಿಕ್ ರೂಲ್ಸ್ ಇಲ್ಲ ಅನ್ನುವುದೂ ತಪ್ಪು. ಜನ ಓಡಾಡುವ ಹಕ್ಕಿರುವ ಯಾವ ಜಾಗವೂ ಮೋಟಾರು ವಾಹನ ಕಾಯ್ದೆಗೆ ಸಾರ್ವಜನಿಕ ಸ್ಥಳವೇ. ಅಲ್ಲಿ ಅಪಾಯ ತರುವ ಹಾಗೆ ಓಡಿಸಿದರೆ ರಸ್ತೆಯಲ್ಲಿ ಬೀಳುವ ಕೇಸೇ ಬೀಳುತ್ತದೆ. ಸ್ವಚ್ಛ, ಸುರಕ್ಷಿತ ಬೀಚುಗಳಿಗೆ ಕೊಡುವ ಅಂತರರಾಷ್ಟ್ರೀಯ ಬ್ಲೂ ಫ್ಲ್ಯಾಗ್ ಮಾನ್ಯತೆಯನ್ನು 2020ರಲ್ಲಿ ಪಡೆದ ಕಾಸರಕೋಡು, ಪಡುಬಿದ್ರಿ ಬೀಚುಗಳನ್ನು ತಗೊಳ್ಳಿ. ಅನುಮತಿ ಇಲ್ಲದೆ ಬೀಚಿನಲ್ಲಿ ಗಾಡಿ ಓಡಿಸಬಾರದು ಅನ್ನುವುದು ಆ ಮಾನ್ಯತೆಯ ಷರತ್ತುಗಳಲ್ಲೇ ಒಂದು.

ವಿದೇಶದ ಮಾತು ನೀವು ಎತ್ತಿದ್ದು ಒಳ್ಳೆಯದಾಯಿತು. ಪರ್ಮಿಟ್ ಕೊಡುತ್ತಾರೆ ಅನ್ನುವುದು ನಿಜ. ಯಾವ ಜಾಗದಲ್ಲಿ, ಯಾವ ಷರತ್ತಿನ ಮೇಲೆ ಅನ್ನುವುದನ್ನು ನೋಡಬೇಕು.

ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಕಗಾರಿ ಅನ್ನುವ ದ್ವೀಪ ಇದೆ. ಮೊದಲು ಫ್ರೇಸರ್ ದ್ವೀಪ ಅನ್ನುತ್ತಿದ್ದರು. ಪ್ರಪಂಚದ ಅತಿ ದೊಡ್ಡ ಉಸುಕಿನ ದ್ವೀಪ ಅದು, ಉದ್ದ ಸುಮಾರು 120 ಕಿ.ಮೀ. ಅಲ್ಲಿ ಬೀಚೇ ರಸ್ತೆ. ಪರ್ಮಿಟ್ ತೆಗೆದುಕೊಳ್ಳಬೇಕು, ವೇಗದ ಮಿತಿ ಇದೆ, ಉಬ್ಬರದ ಹೊತ್ತಿನ ಎರಡು ಗಂಟೆ ಹಿಂದೆ ಮುಂದೆ ಓಡಿಸಬೇಡಿ ಅಂತ ಹೇಳುತ್ತಾರೆ. ಅಷ್ಟಿದ್ದೂ ಆಸ್ಟ್ರೇಲಿಯಾದ ಬೀಚುಗಳ ಏಡಿಗಳ ಮೇಲೆ ಗಾಡಿಗಳ ಪರಿಣಾಮ ಕುರಿತು ಅಲ್ಲಿನ ವಿಜ್ಞಾನಿಗಳೇ ಎಚ್ಚರಿಸುತ್ತಾ ಬಂದಿದ್ದಾರೆ.

ಅಮೆರಿಕದ ನಾರ್ತ್ ಕ್ಯಾರೊಲೈನಾದ ಕೇಪ್ ಹ್ಯಾಟರಸ್ ತೀರದ ಕಥೆ ಇನ್ನೂ ಪಾಠ ಇರುವಂಥದ್ದು. ಸರ್ಕಾರಿ ಜಮೀನಿನಲ್ಲಿ ಆಫ್‌ರೋಡ್ ಗಾಡಿಗಳನ್ನು ನಿಯಂತ್ರಿಸಿ ಅಂತ ಅಧ್ಯಕ್ಷ ನಿಕ್ಸನ್ 1972ರಲ್ಲೇ ಆದೇಶ ಮಾಡಿದ್ದರು. ಹ್ಯಾಟರಸ್‌ನಲ್ಲಿ ಅದು ದಶಕಗಟ್ಟಲೆ ಜಾರಿಗೆ ಬರಲಿಲ್ಲ. 2007ರಲ್ಲಿ ಪರಿಸರ ಸಂಘಟನೆಗಳು ಕೋರ್ಟಿಗೆ ಹೋದವು. 2008ರಲ್ಲಿ ಒಪ್ಪಂದ ಆಯಿತು. ಕೊನೆಗೆ 2012ರಲ್ಲಿ ನಿಯಮ ಬಂತು. ದುಡ್ಡು ಕಟ್ಟಿ ಪರ್ಮಿಟ್, ಗಂಟೆಗೆ 15 ಮೈಲಿ ಅಂದರೆ ಸುಮಾರು 24 ಕಿ.ಮೀ. ವೇಗ, ಆಮೆಗಳ ಕಾಲದಲ್ಲಿ ರಾತ್ರಿ ಬಂದ್, ಗೂಡು ಕಂಡರೆ ಆ ಭಾಗಕ್ಕೆ ಬೇಲಿ. ದಿಬ್ಬದ ಮೇಲೆ ಗಾಡಿ ಹತ್ತಿಸುವ ಮಾತೇ ಇಲ್ಲ, ಗುರುತು ಹಾಕಿದ ದಾರಿಯಲ್ಲೇ ಇಳಿಯಬೇಕು. ಈ ವ್ಯವಸ್ಥೆ ನಡೆಸಲು ಅಲ್ಲಿ ರೇಂಜರ್‌ಗಳಿದ್ದಾರೆ, ದಿನಾ ಗೂಡು ಹುಡುಕುವವರಿದ್ದಾರೆ, ನೂರು ಕಿಲೋಮೀಟರಿಗೂ ಜಾಸ್ತಿ ಉದ್ದದ ತೀರ ಇದೆ.

ಕ್ಯಾಲಿಫೋರ್ನಿಯಾದ ಓಷಿಯಾನೋ ದಿಬ್ಬಗಳಲ್ಲಿ ಗಾಡಿಗಳಿಗೇ ಅಂತ ಜಾಗ ಬಿಟ್ಟಿದ್ದಾರೆ. ಅಲ್ಲಿಂದ ಎದ್ದ ಧೂಳು ಗಾಳಿಯ ದಿಕ್ಕಿನ ಊರುಗಳಿಗೆ ಹೋಗಿ ವರ್ಷಗಟ್ಟಲೆ ಜಗಳ ನಡೆದಿದೆ. 2021ರಲ್ಲಿ ಅಲ್ಲಿನ ಕರಾವಳಿ ಆಯೋಗ ಗಾಡಿಗಳನ್ನು ಹಂತ ಹಂತವಾಗಿ ನಿಲ್ಲಿಸಲು ತೀರ್ಮಾನ ಮಾಡಿತು, 2023ರಲ್ಲಿ ಕೋರ್ಟ್ ಅದನ್ನು ತಳ್ಳಿ ಹಾಕಿತು. ಒಮ್ಮೆ ಬಿಟ್ಟ ಮೇಲೆ ವಾಪಸ್ ತೆಗೆದುಕೊಳ್ಳುವುದು ಎಷ್ಟು ಕಷ್ಟ ನೋಡಿ.

ದಕ್ಷಿಣ ಆಫ್ರಿಕಾ ಬೇರೆ ದಾರಿ ಹಿಡಿಯಿತು. 2001ರ ಡಿಸೆಂಬರಿನಲ್ಲಿ ನಿಯಮ ಮಾಡಿ ಇಡೀ ಕರಾವಳಿಯಲ್ಲಿ ಮೋಜಿನ ಗಾಡಿ ಓಡಿಸುವುದನ್ನು ನಿಲ್ಲಿಸಿತು. ದೋಣಿ ಇಳಿಸಲು ಗುರುತು ಹಾಕಿದ ಜಾಗ, ಕೆಲಸದ ಮೇಲೆ ಹೋಗುವವರಿಗೆ ಪರ್ಮಿಟ್, ಅಷ್ಟೇ. ಪ್ರವಾಸಿಗರು, ಗಾಳ ಹಾಕುವವರು ದೊಡ್ಡ ಗಲಾಟೆ ಮಾಡಿದರು. ಆದರೆ ಬೀಚಿನಲ್ಲೇ ಗೂಡು ಮಾಡುವ ಕೆಲವು ಹಕ್ಕಿಗಳು ಮುಂದಿನ ವರ್ಷಗಳಲ್ಲಿ ಚೇತರಿಸಿಕೊಂಡವು. ಅಲ್ಲಿನ ಕಪ್ಪು ಆಯ್ಸ್ಟರ್‌ಕ್ಯಾಚರ್ ಹಕ್ಕಿಯ ಸಂಖ್ಯೆ ಏರಿದ್ದಕ್ಕೆ ಈ ನಿಷೇಧವೂ ಒಂದು ಕಾರಣ ಅಂತ ಸಂಶೋಧಕರು ಹೇಳುತ್ತಾರೆ.

ಈಗ ನಮ್ಮ ತೀರಕ್ಕೆ ಬನ್ನಿ. ಕಾರವಾರದಿಂದ ಭಟ್ಕಳದವರೆಗೆ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ನದಿಗಳು ತೀರವನ್ನು ತುಂಡು ತುಂಡು ಮಾಡಿವೆ. ನಡುವೆ ಗುಡ್ಡಗಳು ಸಮುದ್ರಕ್ಕೆ ಚಾಚಿವೆ. ಗೋಕರ್ಣದ ಕುಡ್ಲೆ, ಓಂ ಬೀಚುಗಳಂಥವು ಒಂದು ಕಡೆಯಿಂದ ಇನ್ನೊಂದು ಕಡೆಗೆ ಕೂಗಿದರೆ ಕೇಳುವಷ್ಟು ಚಿಕ್ಕವು. ಉದ್ದದ ಬೀಚು ಇದ್ದ ಕಡೆ ದಿಬ್ಬಕ್ಕೆ ತಾಗಿಕೊಂಡೇ ಮೀನುಗಾರರ ಕೇರಿ. ಹಸಿ ಉಸುಕಿನಲ್ಲಿ ರಂಪಣಿ ಬಲೆ ಎಳೆಯುತ್ತಾರೆ, ಒಣ ಉಸುಕಿನಲ್ಲಿ ಮೀನು ಒಣಗಿಸುತ್ತಾರೆ, ದಿಬ್ಬದ ನೆರಳಲ್ಲಿ ದೋಣಿ ಇಡುತ್ತಾರೆ, ಮಕ್ಕಳು ಅಲ್ಲೇ ಆಡುತ್ತಾರೆ. ಇದರಲ್ಲಿ ದಿಬ್ಬ ಕಳೆಯಿರಿ, ಆಮೆಯ ಕಾಲ ಕಳೆಯಿರಿ, ರಾತ್ರಿ ಕಳೆಯಿರಿ, ಉಬ್ಬರದ ಹೊತ್ತು ಕಳೆಯಿರಿ, ಮೀನುಗಾರರ ಜಾಗ ಕಳೆಯಿರಿ. ಪರ್ಮಿಟ್ ಕೊಡಲು ಏನು ಉಳಿಯಿತು? ನಾನು ಇದರ ಬಗ್ಗೆ ತುಂಬಾ ಯೋಚಿಸಿದ್ದೇನೆ. ನಮ್ಮ ಕರಾವಳಿಗೆ ದಕ್ಷಿಣ ಆಫ್ರಿಕಾದ ದಾರಿಯೇ ಸರಿ. ಮೋಜಿನ ಗಾಡಿಗೆ ಬೀಚು ಬೇಡ. ಕೆಲಸದ ಗಾಡಿಗೆ ಗುರುತು ಹಾಕಿದ ಒಂದು ದಾರಿ ಇರಲಿ.

ಟೈರಿನ ಗಾಳಿ ಇಳಿಸಿದರೆ? 30-35 ಪಿಎಸ್‌ಐ ಇಂದ 15-18ಕ್ಕೆ ಇಳಿಸಿದರೆ ಟೈರು ಅಗಲವಾಗಿ ಕೂರುತ್ತದೆ, ಸಾಲು ಆಳವಾಗುವುದಿಲ್ಲ, ಗಾಡಿಯೂ ಹೂಳುವುದಿಲ್ಲ. ಗಾಡಿಗೆ ಅದು ಒಳ್ಳೆಯದು, ಹಸಿ ಉಸುಕಿಗೂ ವಾಸಿ. ಬಳ್ಳಿಗೆ, ಗೂಡಿಗೆ, ಏಡಿಗೆ ಹೆಚ್ಚಿನ ವ್ಯತ್ಯಾಸ ಆಗುವುದಿಲ್ಲ. ಟನ್‌ಗಟ್ಟಲೆ ತೂಕ ಹಾಗೇ ಇರುತ್ತದಲ್ಲ.

ನಿಮ್ಮ ಮೇಲೆ ಮಾತ್ರ ಹೊರೆ ಹಾಕುವುದು ನ್ಯಾಯ ಅಲ್ಲ. ಈ ದಿಬ್ಬಗಳನ್ನು ಜೀಪುಗಳಿಗಿಂತ ಜಾಸ್ತಿ ಹಾಳು ಮಾಡಿದ್ದು ಬೇರೆ ಕೆಲಸಗಳು. ಉಸುಕು ತುಂಬಿಕೊಂಡು ಹೋದ ಲಾರಿಗಳು, ದಿಬ್ಬ ಸಮ ಮಾಡಿ ಕಟ್ಟಿದ ಕಟ್ಟಡಗಳು, ಬಳ್ಳಿ ಕಿತ್ತು ಸಾಲಾಗಿ ನೆಟ್ಟ ಗಾಳಿ ಗಿಡ. ಕಡಲ ಕೊರೆತಕ್ಕೆ ಅಂತ ಸುರಿದ ಕಲ್ಲಿನ ಗೋಡೆಗಳದ್ದು ಇನ್ನೊಂದು ಕಥೆ. ಗೋಡೆ ತನ್ನ ಹಿಂದಿನ ಜಾಗ ಕಾಯುತ್ತದೆ, ಕೊರೆತವನ್ನು ಪಕ್ಕದ ಊರಿಗೆ ದಾಟಿಸುತ್ತದೆ. ಇಷ್ಟೆಲ್ಲ ಹೋದ ಮೇಲೆ ಉಳಿದಿರುವ ತುಂಡು ದಿಬ್ಬಗಳ ಮೇಲೆ ಈಗ ನಾವು ಮೋಜಿಗೆ ಗಾಡಿ ಹತ್ತಿಸುತ್ತಿದ್ದೇವೆ. ಊರಿನವರ ಸಹನೆ ಮುಗಿದಿದ್ದರೆ ಅದು ಸಹಜವೇ.

ಹಾಗಾದರೆ ಆಡಳಿತ ಏನು ಮಾಡಬೇಕು? ಬರೀ ಬೋರ್ಡು ಹಾಕಿದರೆ ಏನೂ ಆಗುವುದಿಲ್ಲ. ಗಾಡಿ ಇಳಿಯುವ ಬಾಯಿಗಳನ್ನು ದೊಡ್ಡ ಕಲ್ಲು ಇಟ್ಟು ಮುಚ್ಚಬೇಕು. ಒಂದೊಂದು ಊರಿಗೆ ಒಂದೇ ಬಾಯಿ ತೆರೆದಿಟ್ಟು, ಸರಪಳಿ ಹಾಕಿ, ಕೀಲಿಯನ್ನು ಮೀನುಗಾರರ ಕೈಯಲ್ಲೇ ಕೊಡಬೇಕು. ದೋಣಿ ಎಳೆಯುವ ಟ್ರ್ಯಾಕ್ಟರ್, ಆಂಬುಲೆನ್ಸ್ ಅಲ್ಲಿಂದ ಹೋಗಲಿ. ಪ್ರವಾಸಿಗರ ಪಾರ್ಕಿಂಗ್ ದಿಬ್ಬದ ಹಿಂದೆ ಗಟ್ಟಿ ನೆಲದಲ್ಲಿ ಇರಬೇಕು. ಅಲ್ಲಿಂದ ನಡೆಯಲು ನೆಲಕ್ಕಿಂತ ಎತ್ತರದ ಹಲಗೆ ದಾರಿ ಬೇಕು, ಕೆಳಗೆ ಬಳ್ಳಿ ಬೆಳೆಯಲು ಬಿಸಿಲು ಬೀಳುವಷ್ಟು ಸಂದು ಬಿಡಬೇಕು. ಆ ದಾರಿ ನೇರವಾಗಿ ಗಾಳಿಗೆ ಎದುರಾಗಿ ಇರಬಾರದು, ಓರೆಯಾಗಿ ಸ್ವಲ್ಪ ತಿರುಗಿ ಇರಬೇಕು. ಇಲ್ಲದಿದ್ದರೆ ದಾರಿಯೇ ಗಾಳಿಯ ಬಾಯಿ ಆಗುತ್ತದೆ. ಎಷ್ಟೋ ಕಡೆ ದುಡ್ಡು ಖರ್ಚು ಮಾಡಿ ಈ ಒಂದು ವಿಷಯ ಮರೆಯುತ್ತಾರೆ.

ಒಡೆದ ದಿಬ್ಬ ಸರಿ ಮಾಡುವುದು ದೊಡ್ಡ ಯಂತ್ರದ ಕೆಲಸ ಅಲ್ಲ. ಸಂದಿಗೆ ಅಡ್ಡವಾಗಿ ತೆಂಗಿನ ಗರಿಯ ಬೇಲಿ ಕಟ್ಟಿದರೆ ಗಾಳಿ ತಾನೇ ಉಸುಕು ತಂದು ತುಂಬುತ್ತದೆ. ಬೇಲಿ ಹೂತಾಗ ಅದರ ಮೇಲೆ ಇನ್ನೊಂದು. ಮಳೆಗಾಲದಲ್ಲಿ ಅಡುಂಬು ಬಳ್ಳಿಯ ತುಂಡುಗಳನ್ನು ಗೆಣ್ಣು ಹೂಳುವ ಹಾಗೆ ನೆಟ್ಟರೆ ಬೇರು ಬಿಡುತ್ತವೆ. ಆ ಜಾಗಕ್ಕೆ ಹಗ್ಗ ಕಟ್ಟಿ ಜನ, ದನ, ಗಾಡಿ ಹೋಗದ ಹಾಗೆ ನೋಡಿಕೊಳ್ಳಬೇಕು. ತಾಳ್ಮೆ ಬೇಕು, ಅಷ್ಟೇ.

ನಿಮ್ಮ ಕೊನೆಯ ಪ್ರಶ್ನೆ, ನಮ್ಮ ಕಡೆಯ ಜಾಗಗಳು. ಕಪ್ಪತಗುಡ್ಡ 2019ರಿಂದ ವನ್ಯಧಾಮ. ಅನುಮತಿ ಇಲ್ಲದೆ ಒಳಗೆ ಗಾಡಿ ತೆಗೆದುಕೊಂಡು ಹೋಗುವಂತಿಲ್ಲ, ದಾರಿ ಬಿಟ್ಟು ಓಡಿಸುವುದಂತೂ ಇಲ್ಲವೇ ಇಲ್ಲ. ಅಲ್ಲಿನ ಗುಡ್ಡದ ಮಣ್ಣು ತೆಳು. ಹುಲ್ಲು ಕಿತ್ತ ಚಕ್ರದ ಸಾಲು ಒಂದೇ ಮಳೆಗೆ ಕೊರಕಲು ಆಗುತ್ತದೆ. ತೋಳ, ಕತ್ತೆಕಿರುಬ ಇರುವ ಹುಲ್ಲುಗಾಡು ಅದು. ರಾಣೆಬೆನ್ನೂರಿನ 119 ಚದರ ಕಿಲೋಮೀಟರಿನ ಕೃಷ್ಣಮೃಗ ವನ್ಯಧಾಮಕ್ಕೂ ಇದೇ ಮಾತು. ತುಂಗಭದ್ರೆಯ ಉಸುಕಿನ ವಿಷಯಕ್ಕೆ ಬಂದರೆ, ಬೇಸಿಗೆಯಲ್ಲಿ ನೀರು ಇಳಿದಾಗ ಬಯಲಾಗುವ ಹೊಳೆಯ ಉಸುಕಿನ ದಿನ್ನೆಗಳ ಮೇಲೆ ನದಿ ರೀವ, ಚಿಟವದಂಥ ಹಕ್ಕಿಗಳು ಗೂಡು ಮಾಡುತ್ತವೆ. ಗೂಡು ಅಂದರೆ ಬರೀ ಒಂದು ತಗ್ಗು. ಮೊಟ್ಟೆ ಉಸುಕಿನ ಬಣ್ಣದ್ದೇ. ಟಿಟ್ಟಿಭ ಹೊಲದಲ್ಲಿ ಮೊಟ್ಟೆ ಇಟ್ಟಿದ್ದನ್ನು ನೋಡಿದವರಿಗೆ ಗೊತ್ತಿರುತ್ತದೆ, ಕಾಲಡಿಗೆ ಬರುವವರೆಗೆ ಕಾಣುವುದಿಲ್ಲ. ಫೆಬ್ರವರಿಯಿಂದ ಮೇವರೆಗೆ ಆ ದಿನ್ನೆಗಳಿಗೆ ಗಾಡಿ ಇಳಿಸಬೇಡಿ.

ಗಾಡಿಯ ಖುಷಿ ನಿಮಗೆ ಬೇಕು, ಅದರಲ್ಲಿ ತಪ್ಪಿಲ್ಲ. ಕಲ್ಲು ತೆಗೆದು ಬಿಟ್ಟ ಹಳೆಯ ಕ್ವಾರಿಗಳು, ಪಾಳು ಬಿದ್ದ ಖಾಸಗಿ ಜಮೀನು ಧಾರವಾಡ, ಗದಗ ಸುತ್ತ ಬೇಕಾದಷ್ಟಿವೆ. ಮಾಲೀಕರನ್ನು ಕೇಳಿ, ಬಾಡಿಗೆ ಕೊಟ್ಟು, ಒಂದೇ ಟ್ರ್ಯಾಕ್ ಮಾಡಿಕೊಳ್ಳಿ. ಏರು, ತಗ್ಗು, ಕಲ್ಲು, ಕೆಸರು ಎಲ್ಲ ಅಲ್ಲೇ ಸಿಗುತ್ತದೆ. ಉಸುಕೇ ಬೇಕು ಅಂದರೆ ನಾಲ್ಕಾರು ಲೋಡು ಎಂ-ಸ್ಯಾಂಡ್ ಸುರಿದು ಒಂದು ಪಟ್ಟಿ ಮಾಡಿ. ಹೊಸಬರಿಗೆ ಉಸುಕಿನಲ್ಲಿ ಸಿಕ್ಕ ಗಾಡಿ ತೆಗೆಯುವುದನ್ನು ಕಲಿಸಲು ಅಷ್ಟು ಸಾಕು. ಎರೆ ಹೊಲಕ್ಕೆ ಮಾತ್ರ ಹಸಿ ಇದ್ದಾಗ ಇಳಿಯಬೇಡಿ. ಮಣ್ಣು ಬಿಗಿದರೆ ಮುಂದಿನ ಬಿತ್ತನೆಗೆ ರೈತನಿಗೆ ತೊಂದರೆ.

ಸಮುದ್ರಕ್ಕೂ ಹೋಗಿ. ಹುಬ್ಬಳ್ಳಿಯಿಂದ ಅಂಕೋಲಾಕ್ಕೆ 130 ಕಿ.ಮೀ. ಆಸುಪಾಸು, ಬೆಳಗ್ಗೆ ಹೊರಟರೆ ಊಟದ ಹೊತ್ತಿಗೆ ಮುಂಚೆ ಅಲ್ಲಿರುತ್ತೀರಿ. ಗಾಡಿ ರಸ್ತೆ ಬದಿ ನಿಲ್ಲಿಸಿ. ನಿಮ್ಮನ್ನು ತಡೆದ ಊರಿಗೇ ಒಮ್ಮೆ ಹಗಲಲ್ಲಿ ಹೋಗಿ, ಅವರ ಜೊತೆ ಕೂತು ಮಾತಾಡಿ ಅಂತ ನನ್ನ ಆಸೆ. ಆಮೆ ಗೂಡು ಎಲ್ಲಿ ಬರುತ್ತದೆ, ಯಾವ ಮಳೆಗಾಲದಲ್ಲಿ ನೀರು ಎಲ್ಲಿಯವರೆಗೆ ಬಂತು, ಅವರಿಗಿಂತ ಚೆನ್ನಾಗಿ ಹೇಳುವವರು ಯಾರೂ ಇಲ್ಲ. ನಮ್ಮ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗ ಇರುವುದು ಕಾರವಾರದ ಕೋಡಿಬಾಗದಲ್ಲಿ. ಅವರಿಗೆ ಮೊದಲೇ ಪತ್ರ ಬರೆದು ಕೇಳಿಕೊಂಡು, ನಿಮ್ಮ ಗುಂಪನ್ನು ಒಮ್ಮೆ ಅಲ್ಲಿಗೆ ಕರೆದುಕೊಂಡು ಹೋಗಿ.

ಬಳ್ಳಿ ನೆಡುವ, ಗರಿ ಬೇಲಿ ಕಟ್ಟುವ ಕೆಲಸಕ್ಕೆ ಕೈಗಳೂ ಬೇಕು, ಗರಿ ಸಾಗಿಸಲು ಗಾಡಿಗಳೂ ಬೇಕು. ಅರಣ್ಯ ಇಲಾಖೆಯ ಹೊನ್ನಾವರ ಅಥವಾ ಕಾರವಾರ ವಿಭಾಗದ ಕಚೇರಿಗೆ ಜೂನ್‌ಗೆ ಮೊದಲೇ ಬರೆದು ಕೇಳಿ. ಚಳಿಗಾಲದಲ್ಲಿ ತೀರದಲ್ಲಿ ನಡೆಯುವಾಗ, ನೀರಿನಿಂದ ದಿಬ್ಬದ ಕಡೆ ಹೋಗಿ ಮತ್ತೆ ನೀರಿಗೆ ಮರಳಿದ ಅಗಲವಾದ ತೆವಳಿದ ಗುರುತು ಕಂಡರೆ ಅದು ಆಮೆಯದು. ಅದರ ಮೇಲೆ ನಡೆಯಬೇಡಿ, ಅಗೆದು ನೋಡಬೇಡಿ, ಫೋಟೊಗೆ ಫ್ಲ್ಯಾಶ್ ಹಾಕಬೇಡಿ. ಹತ್ತಿರದ ಮೀನುಗಾರರಿಗೆ ಹೇಳಿ, ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ, ಅವರು ಬಂದು ಬೇಲಿ ಹಾಕುವವರೆಗೆ ನಾಯಿಗಳು ಆ ಕಡೆ ಬರದ ಹಾಗೆ ನೋಡಿಕೊಳ್ಳಿ.